ರಕ್ತದ ಕಬ್ಬಿಣಕ್ಕೆ ಕನ್ನ: ಕ್ಷಯದ ಬ್ಯಾಕ್ಟೀರಿಯಾದ ಕಥೆ

ದೆಹಲಿಯ ಕಬ್ಬಿಣ ಅಂದ ತಕ್ಷಣ ನಿಮಗೆ ಮೆಹ್ರೌಲಿಯ ಕಂಬ ನೆನಪಾಗುತ್ತೆ ಅಲ್ವಾ? ಊರಿಂದ ಅಪ್ಪ-ಅಮ್ಮ ಬಂದಾಗ ಕುತುಬ್ ಮಿನಾರ್ ತೋರಿಸೋಕೆ ಹೋಗಿ, ಅದರ ಮುಂದೆ ಫೋಟೋ ತೆಗೆಸಿಕೊಂಡಿರ್ತೀರಿ. ಇವತ್ತು ಹೇಳ್ತಿರೋದು ದೆಹಲಿಯ ಇನ್ನೊಂದು ಕಬ್ಬಿಣದ ಕಥೆ. ಇದು ಕಂಬದ್ದಲ್ಲ, ರಕ್ತದ್ದು.

ವಯಸ್ಕರ ಮೈಯಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ ಇರುತ್ತೆ. ಹೆಚ್ಚಿನ ಪಾಲು ಹಿಮೋಗ್ಲೋಬಿನ್ನಿನಲ್ಲಿ. ಫೆರಿಟಿನ್ ಅನ್ನೋ ಪ್ರೋಟೀನಿನಲ್ಲಿ ಒಂದಷ್ಟು ಠೇವಣಿ. ರಕ್ತದಲ್ಲಿ ಓಡಾಡೋ ಚಿಲ್ಲರೆಯನ್ನ ಟ್ರಾನ್ಸ್‌ಫೆರಿನ್ ಅನ್ನೋ ಇನ್ನೊಂದು ಪ್ರೋಟೀನ್ ಬಿಗಿಯಾಗಿ ಹಿಡಿದಿರುತ್ತೆ. ಬಿಡಿಯಾಗಿ ಸಿಗೋ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು. ಬ್ಯಾಕ್ಟೀರಿಯಾಗಳಿಗೂ ಉಸಿರಾಡೋಕೆ, ಡಿಎನ್‌ಎ ಕಟ್ಟೋಕೆ ಕಬ್ಬಿಣ ಬೇಕು. ಅಂದ್ರೆ ಈ ಬೀಗವೇ ನಮ್ಮ ಮೊದಲ ಕಾವಲು.

ಇದು ಗೊತ್ತಾಗಿದ್ದು ಹೇಗೆ? 1944ರಲ್ಲಿ ಅಮೆರಿಕದ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲೈನ್, ಹಸಿ ಮೊಟ್ಟೆಯ ಬಿಳಿಭಾಗ ಬ್ಯಾಕ್ಟೀರಿಯಾ ಬೆಳೆಯೋಕೆ ಬಿಡಲ್ಲ ಅನ್ನೋದನ್ನ ನೋಡಿದರು. ಅದಕ್ಕೆ ಕಬ್ಬಿಣ ಸೇರಿಸಿದರೆ ಮತ್ತೆ ಬೆಳೆಯುತ್ತಿದ್ದವು. ಎರಡು ವರ್ಷದ ನಂತರ ಅಂಥದ್ದೇ ಪ್ರೋಟೀನನ್ನ ಮನುಷ್ಯರ ರಕ್ತದಲ್ಲೂ ಕಂಡರು. ಅದೇ ಟ್ರಾನ್ಸ್‌ಫೆರಿನ್.

ಹಾಗಾದ್ರೆ ಬ್ಯಾಕ್ಟೀರಿಯಾ ಬೀಗ ಒಡೆಯೋದು ಹೇಗೆ? ಇದರ ಸುಳಿವು ಸಿಕ್ಕಿದ್ದು ದನದ ಕಾಯಿಲೆಯಿಂದ. 1911ರ ಸುಮಾರಿಗೆ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ಮತ್ತು ಇಂಗ್ರಾಮ್, ದನಗಳಿಗೆ ಬರೋ ಜೋನ್ಸ್ ರೋಗದ ಬ್ಯಾಕ್ಟೀರಿಯಾ ಬೆಳೆಸೋಕೆ ಒದ್ದಾಡುತ್ತಿದ್ದರು. ಅದು ಕ್ಷಯದ ಬ್ಯಾಕ್ಟೀರಿಯಾದ ದಾಯಾದಿ. ತನ್ನಷ್ಟಕ್ಕೆ ಬೆಳೆಯೋದೇ ಇಲ್ಲ. ಆದರೆ ಅದೇ ಕುಟುಂಬದ ಬೇರೆ ಬ್ಯಾಕ್ಟೀರಿಯಾಗಳನ್ನ ಸಾಯಿಸಿ ಊಟದ ಜೊತೆ ಬೆರೆಸಿದರೆ ಬೆಳೆಯಿತು! ಸತ್ತವುಗಳಲ್ಲಿ ಇರೋ ಆ ವಸ್ತು ಏನು? ಉತ್ತರಕ್ಕೆ ಸುಮಾರು ನಾಲ್ಕು ದಶಕ ಬೇಕಾಯ್ತು. 1949ರಲ್ಲಿ ಇಂಗ್ಲೆಂಡಿನಲ್ಲೇ ಅದನ್ನ ಬೇರ್ಪಡಿಸಿ ಮೈಕೋಬ್ಯಾಕ್ಟಿನ್ ಅಂತ ಹೆಸರಿಟ್ಟರು. ಅದು ಕಬ್ಬಿಣವನ್ನ ಹಿಡಿದು ತರೋ ಅಣು. ಇಂಥ ಅಣುಗಳಿಗೆ ಸಿಡೆರೊಫೋರ್ ಅಂತಾರೆ. ಗ್ರೀಕಿನಲ್ಲಿ ‘ಕಬ್ಬಿಣ ಹೊರುವವನು’ ಅಂತ ಅರ್ಥ.

ಕ್ಷಯದ ಬ್ಯಾಕ್ಟೀರಿಯಾ ಇದನ್ನ ಎರಡು ರೂಪದಲ್ಲಿ ಮಾಡುತ್ತೆ. ಗಿಡ್ಡ ಬಾಲದ್ದು ನೀರಲ್ಲಿ ಕರಗಿ ಹೊರಗೆ ಹೋಗಿ, ಟ್ರಾನ್ಸ್‌ಫೆರಿನ್ ಕೈಯಿಂದ ಕಬ್ಬಿಣ ಕಿತ್ತುಕೊಳ್ಳುತ್ತೆ. ಉದ್ದನೆಯ ಕೊಬ್ಬಿನ ಬಾಲ ಇರೋದು ಬ್ಯಾಕ್ಟೀರಿಯಾದ ಮೇಣದಂಥ ಗೋಡೆಯಲ್ಲೇ ಕೂತಿರುತ್ತೆ. ಈ ಬಾಲ ಅಂಟಿಸೋರು ಯಾರು? ಈ ಪ್ರಶ್ನೆಗೆ ಉತ್ತರ ಬಂದಿದ್ದು ನಮ್ಮ ದೆಹಲಿಯಿಂದ. 2006ರಲ್ಲಿ, ಜೆಎನ್‌ಯು ಪಕ್ಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯಲ್ಲಿ ರಾಜೇಶ್ ಗೋಖಲೆಯವರ ತಂಡ ಆ ಕೆಲಸ ಮಾಡೋ ಜೀನ್‌ಗಳ ಗುಂಪನ್ನ ಗುರುತಿಸಿತು. 2014ರಲ್ಲಿ ಚಂಡೀಗಢದ ಸಂಶೋಧಕರು ಇನ್ನೊಂದು ಕನ್ನ ತೋರಿಸಿದರು: ಈ ಬ್ಯಾಕ್ಟೀರಿಯಾ ಟ್ರಾನ್ಸ್‌ಫೆರಿನ್ನನ್ನೇ ಇಡಿಯಾಗಿ ಒಳಗೆಳೆದುಕೊಳ್ಳಬಲ್ಲದು.

ಇತ್ತ ಮೈ ಸುಮ್ಮನೆ ಕೂತಿರಲ್ಲ. ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಡುತ್ತೆ. ಕರುಳಿಂದ ಕಬ್ಬಿಣ ಬರೋದು ಕಮ್ಮಿಯಾಗುತ್ತೆ, ಮ್ಯಾಕ್ರೋಫೇಜ್ ಕೋಶಗಳು ತಮ್ಮಲ್ಲಿರೋದನ್ನ ಹೊರಗೆ ಬಿಡಲ್ಲ. ಸರ್ವರ್ ಮೇಲೆ ದಾಳಿ ಆದಾಗ ನೀವು ಪೋರ್ಟ್ ಮುಚ್ಚಲ್ವಾ, ಹಾಗೆ. ಆದರೆ ಇಲ್ಲೊಂದು ಪೇಚು ಇದೆ. ಕ್ಷಯದ ಬ್ಯಾಕ್ಟೀರಿಯಾ ಬಿಡಾರ ಹೂಡೋದೇ ಮ್ಯಾಕ್ರೋಫೇಜ್ ಒಳಗೆ. ಕಳ್ಳ ಮನೆಯೊಳಗೆ ಇರುವಾಗ ಬಾಗಿಲು ಹಾಕಿದ ಹಾಗಾಯ್ತು!

ಇದರಿಂದ ನಮಗೇನು? ಹತ್ತೊಂಬತ್ತನೇ ಶತಮಾನದಲ್ಲೇ ಪ್ಯಾರಿಸ್ಸಿನ ವೈದ್ಯ ಅರ್ಮಾಂ ಟ್ರೂಸೋ, ಕ್ಷಯ ರೋಗಿಗಳಿಗೆ ಕಬ್ಬಿಣ ಕೊಡಬೇಡಿ ಅಂತ ಎಚ್ಚರಿಸಿದ್ದರು. ಕಾರಣ ಆಗ ಗೊತ್ತಿರಲಿಲ್ಲ. 2006ರಲ್ಲಿ ಸುನಿಲ್ ಸಜಾವಾಲ್ ಮತ್ತು ಸಂಗಡಿಗರು ತಾಂಜಾನಿಯಾದ ಪೆಂಬಾ ದ್ವೀಪದ ಫಲಿತಾಂಶ ಪ್ರಕಟಿಸಿದರು. ಅದು ಮಲೇರಿಯಾ ಪ್ರದೇಶ. ಕಬ್ಬಿಣ-ಫೋಲಿಕ್ ಆಮ್ಲ ಪಡೆದ ಪುಟ್ಟ ಮಕ್ಕಳು ತೀರಿಕೊಳ್ಳೋ ಅಥವಾ ಆಸ್ಪತ್ರೆ ಸೇರೋ ಸಂಭವ 12% ಹೆಚ್ಚಿತ್ತು. ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲ, ಪರಾವಲಂಬಿ. ಆದರೆ ಪಾಠ ಒಂದೇ: ಸೋಂಕಿರೋ ಜಾಗದಲ್ಲಿ ಕಬ್ಬಿಣವನ್ನ ಕಣ್ಮುಚ್ಚಿ ಹಂಚೋಕಾಗಲ್ಲ.

ಹಾಗಂತ ಮನೆಯಲ್ಲಿರೋ ಕಬ್ಬಿಣದ ಮಾತ್ರೆ ಎಸೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಅವರಲ್ಲಿ ತುಂಬಾ ಜನಕ್ಕೆ ಕಬ್ಬಿಣ ಬೇಕೇ ಬೇಕು, ಗರ್ಭಿಣಿಯರಿಗಂತೂ ತಪ್ಪಿಸಲೇಬಾರದು. ನಾನು ಹೇಳ್ತಿರೋದು ಇಷ್ಟೇ. ವಾರಗಟ್ಟಲೆ ಜ್ವರ, ಬಿಡದ ಕೆಮ್ಮು ಇದ್ದಾಗ ರಕ್ತಪರೀಕ್ಷೆಯಲ್ಲಿ ಕಬ್ಬಿಣ ಕಮ್ಮಿ ಕಾಣಬಹುದು. ಅದು ಕೊರತೆ ಇರಬಹುದು, ಇಲ್ಲ ಮೈಯೇ ಬಚ್ಚಿಟ್ಟಿರಬಹುದು. ಫೆರಿಟಿನ್ ಕೂಡ ಸೋಂಕಿನಲ್ಲಿ ಏರೋದ್ರಿಂದ ಅದೊಂದೇ ಅಂಕಿ ನೋಡಿ ನಿರ್ಧರಿಸೋಕಾಗಲ್ಲ. ಪಿಜಿಯಲ್ಲಿ ಒಬ್ಬರೇ ಇದ್ದು, ಆನ್‌ಲೈನಲ್ಲಿ ರಿಪೋರ್ಟ್ ನೋಡಿ ಟಾನಿಕ್ ತರಿಸಿಕೊಳ್ಳೋ ಬದಲು ಮೊದಲು ಡಾಕ್ಟರ ಹತ್ತಿರ ಹೋಗಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಕೇಂದ್ರದಲ್ಲಿ ಉಚಿತ.