ಪಾದದ ಗಂಟಿನ ರಚನೆ ಮತ್ತು ಸಾಮಾನ್ಯ ಗಾಯಗಳು: ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಣಕಾಲು ಪಾದವನ್ನು ಸೇರುವ ಸ್ಥಳದಲ್ಲಿರುವ ಕೀಲನ್ನು ಹರಡು ಅಥವಾ ಪಾದದ ಗಂಟು ಎಂದು ಕರೆಯಲಾಗುತ್ತದೆ. ನಿಂತಾಗಲೂ ನಡೆದಾಗಲೂ ದೇಹದ ಭಾರವು ನೆಲಕ್ಕೆ ಇಳಿಯುವುದು ಈ ಕಿರಿದಾದ ಕೀಲಿನ ಮೂಲಕ. ಓಡುವಾಗ ಮತ್ತು ಹಾರಿ ಇಳಿಯುವಾಗ ಇದರ ಮೇಲೆ ಬೀಳುವ ಒತ್ತಡವು ದೇಹದ ತೂಕದ ಹಲವು ಪಟ್ಟಿಗೆ ಏರುತ್ತದೆ. ಅಡಕೆ ತೋಟದ ಕೆಲಸ, ಕೆಂಪುಕಲ್ಲಿನ ಕೋರೆ, ಕಂಬಳ, ಯಕ್ಷಗಾನ, ಮಳೆಗಾಲದಲ್ಲಿ ಪಾಚಿ ಕಟ್ಟುವ ಮೆಟ್ಟಿಲು ಮತ್ತು ಅಂಗಳ, ಇವೆಲ್ಲವೂ ಇರುವ ಈ ಮೂರು ತಾಲೂಕುಗಳಲ್ಲಿ ಪಾದದ ಗಂಟಿಗೆ ಪೆಟ್ಟಾಗುವ ಸಂದರ್ಭಗಳು ವರ್ಷವಿಡೀ ಒದಗುತ್ತವೆ.

ಇಂತಹ ಗಾಯಗಳನ್ನು ಜನರು ಸಾಮಾನ್ಯವಾಗಿ ‘ಉಳುಕು’ ಎಂಬ ಒಂದೇ ಪದದಿಂದ ಗುರುತಿಸುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಯೇ. ಕಟ್ಟುನಾರು ಎಳೆದುಕೊಂಡಿರಲಿ, ಹರಿದಿರಲಿ, ಮೂಳೆಯೇ ಬಿರಿದಿರಲಿ, ಹೊರನೋಟಕ್ಕೆ ಕಾಣುವುದು ಒಂದೇ ಬಗೆಯ ಊತ. ಎಣ್ಣೆ ತಿಕ್ಕಿಸಿಕೊಂಡು ಎರಡು ವಾರ ಕುಂಟಿದ ನಂತರ ಆಸ್ಪತ್ರೆಗೆ ಬರುವ ವ್ಯಕ್ತಿಯ ಮೂಳೆಯು ಆ ವೇಳೆಗೆ ತಪ್ಪು ಸ್ಥಾನದಲ್ಲಿ ಕೂಡಲು ಆರಂಭಿಸಿರಬಹುದು. ಯಾವ ಊತಕ್ಕೆ ಮನೆಯ ಆರೈಕೆ ಸಾಕು, ಯಾವುದಕ್ಕೆ ಎಕ್ಸ್‌ರೇ ಅಗತ್ಯ, ಮುಂದೆ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವಾಗ ಯಾವ ದಾಖಲೆಗಳು ಬೇಕಾಗುತ್ತವೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕೀಲಿನ ರಚನೆ

ಪಾದದ ಗಂಟಿನಲ್ಲಿ ಮೂರು ಮೂಳೆಗಳು ಕೂಡುತ್ತವೆ. ಕಣಕಾಲಿನ ಒಳಬದಿಯ ದಪ್ಪ ಮೂಳೆ ಟಿಬಿಯ, ಹೊರಬದಿಯ ತೆಳು ಮೂಳೆ ಫಿಬುಲ. ಇವೆರಡರ ಕೆಳತುದಿಗಳು ಸೇರಿ ಕವುಚಿಟ್ಟ ಬಟ್ಟಲಿನಂತಹ ಒಂದು ಸಂದನ್ನು ರೂಪಿಸುತ್ತವೆ. ಆ ಸಂದಿನೊಳಗೆ ಟೇಲಸ್ ಎಂಬ ಮೂರನೆಯ ಮೂಳೆ ಕುಳಿತಿರುತ್ತದೆ. ಗಂಟಿನ ಎರಡೂ ಬದಿಗಳಲ್ಲಿ ಕೈಗೆ ತಗಲುವ ಉಬ್ಬುಗಳು ಟಿಬಿಯ ಮತ್ತು ಫಿಬುಲಗಳ ತುದಿಗಳೇ ಆಗಿವೆ. ಹೊರಗಿನ ಉಬ್ಬು ಒಳಗಿನದಕ್ಕಿಂತ ತುಸು ಕೆಳಗೆ ಇಳಿದಿರುತ್ತದೆ. ಆದುದರಿಂದ ಪಾದವು ಹೊರಕ್ಕೆ ವಾಲುವುದನ್ನು ಮೂಳೆಯೇ ತಡೆಯುತ್ತದೆ. ಒಳಕ್ಕೆ ಮಗುಚುವುದನ್ನು ಅಷ್ಟಾಗಿ ತಡೆಯಲಾರದು.

ಟೇಲಸ್ ಮೂಳೆಯ ವಿಶೇಷತೆಗಳು ಎರಡು. ಮೊದಲನೆಯದಾಗಿ, ಅದಕ್ಕೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಹೊರಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ರಕ್ತನಾಳಗಳು ಒಳಹೋಗಲು ಉಳಿದಿರುವ ಜಾಗ ಅಲ್ಪವಾದುದರಿಂದ ಈ ಮೂಳೆ ಮುರಿದರೆ ಕೂಡುವುದು ನಿಧಾನ. ಕೆಲವೊಮ್ಮೆ ರಕ್ತಸಂಚಾರವಿಲ್ಲದೆ ಮೂಳೆಯ ಒಂದು ಭಾಗ ಸಾಯುವುದೂ ಉಂಟು. ಎರಡನೆಯದಾಗಿ, ಅದರ ಮುಂಭಾಗ ಅಗಲ, ಹಿಂಭಾಗ ಕಿರಿದು. ಪಾದವನ್ನು ಮೇಲಕ್ಕೆ ಎತ್ತಿದಾಗ ಅಗಲವಾದ ಭಾಗವು ಸಂದಿನೊಳಗೆ ಬಿಗಿಯಾಗಿ ಸೇರುತ್ತದೆ. ಪಾದವನ್ನು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಸಂದಿಗೆ ಬಂದು ಕೀಲು ಸಡಿಲವಾಗುತ್ತದೆ. ಏರುವಾಗಿನದಕ್ಕಿಂತ ಇಳಿಯುವಾಗ ಕಾಲು ಹೆಚ್ಚು ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಳ್ತಂಗಡಿ ಸಮೀಪದ ಜಮಲಾಬಾದ್ ಕೋಟೆ, ಅಂದರೆ ಗಡಾಯಿಕಲ್ಲಿನ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ದಣಿದವರು ಅವಸರದಲ್ಲಿ ಇಳಿಯುವಾಗ ಪಾದವು ಪ್ರತಿ ಹೆಜ್ಜೆಯಲ್ಲೂ ಈ ಸಡಿಲ ಸ್ಥಿತಿಯಲ್ಲಿಯೇ ನೆಲ ಮುಟ್ಟುತ್ತದೆ. ಬಂಟ್ವಾಳ ತಾಲೂಕಿನ ಕಾರಿಂಜ ಕ್ಷೇತ್ರದ ಮೆಟ್ಟಿಲುಗಳನ್ನು ಇಳಿಯುವವರಿಗೂ ಇದು ಅನ್ವಯಿಸುತ್ತದೆ.

ಮೂಳೆಗಳನ್ನು ಒಂದಕ್ಕೊಂದು ಬಿಗಿದಿರುವ ಗಟ್ಟಿ ಪಟ್ಟಿಗಳೇ ಕಟ್ಟುನಾರುಗಳು. ಒಳಬದಿಯಲ್ಲಿ ಬೀಸಣಿಗೆಯಂತೆ ಹರಡಿದ ಅಗಲವಾದ ಬಲಿಷ್ಠ ಪಟ್ಟಿಯಿದೆ. ಹೊರಬದಿಯಲ್ಲಿ ಮೂರು ಪ್ರತ್ಯೇಕ ನಾರುಗಳಿದ್ದು, ಅವುಗಳಲ್ಲಿ ಫಿಬುಲದಿಂದ ಮುಂದಕ್ಕೆ ಟೇಲಸ್‌ಗೆ ಹೋಗುವ ನಾರು ಅತ್ಯಂತ ದುರ್ಬಲ. ಉಳುಕಿನ ಪ್ರಕರಣಗಳಲ್ಲಿ ಮೊದಲು ಹರಿಯುವುದು ಸಾಮಾನ್ಯವಾಗಿ ಇದೇ. ಟಿಬಿಯ ಮತ್ತು ಫಿಬುಲಗಳನ್ನು ಗಂಟಿನ ಮೇಲ್ಭಾಗದಲ್ಲಿ ಜೋಡಿಸುವ ಇನ್ನೊಂದು ಕಟ್ಟು ಇದೆ. ಹಿಂಬದಿಯಲ್ಲಿ ಮೀನಖಂಡದ ಸ್ನಾಯುಗಳಿಂದ ಹಿಮ್ಮಡಿ ಮೂಳೆಗೆ ಇಳಿಯುವ ಹಗ್ಗದಂತಹ ರಜ್ಜುವನ್ನು ಅಕಿಲಿಸ್ ರಜ್ಜು ಎನ್ನುತ್ತಾರೆ. ದೇಹದ ಅತಿ ದಪ್ಪನೆಯ ರಜ್ಜು ಅದು. ಗಂಟಿನಲ್ಲಿ ನಡೆಯುವುದು ಮುಖ್ಯವಾಗಿ ಪಾದದ ಮೇಲೆ–ಕೆಳಗಿನ ಚಲನೆ ಮಾತ್ರ. ಪಾದವನ್ನು ಒಳಕ್ಕೆ, ಹೊರಕ್ಕೆ ತಿರುಗಿಸುವ ಚಲನೆಯು ಅದರ ಕೆಳಗಿನ, ಟೇಲಸ್ ಮತ್ತು ಹಿಮ್ಮಡಿ ಮೂಳೆಗಳ ನಡುವಿನ ಕೀಲಿಗೆ ಸೇರಿದ್ದು.

ಉಳುಕು

ಪಾದವು ಒಳಕ್ಕೆ ಮಗುಚಿ ಹೊರಬದಿಯ ನಾರುಗಳು ಎಳೆಯಲ್ಪಡುವುದು ಅತಿ ಸಾಮಾನ್ಯವಾದ ಗಾಯ. ತೋಟದ ಕಣಿಗೆ ಹಾಕಿದ ಸಂಕದ ಮೇಲೆ ಜಾರುವುದು, ಹೊರೆ ಹೊತ್ತು ನಡೆಯುವಾಗ ಕಲ್ಲಿನ ಅಂಚಿನಲ್ಲಿ ಹೆಜ್ಜೆ ತಪ್ಪುವುದು, ವಾಲಿಬಾಲ್ ಆಟದಲ್ಲಿ ಇನ್ನೊಬ್ಬರ ಪಾದದ ಮೇಲೆ ಇಳಿಯುವುದು, ಯಕ್ಷಗಾನದ ಧೀಂಗಿಣದಲ್ಲಿ ಕಾಲು ಓರೆಯಾಗಿ ನೆಲ ಮುಟ್ಟುವುದು ಇದಕ್ಕೆ ಕಾರಣಗಳು. ನಾರು ಕೇವಲ ಎಳೆದಿದ್ದರೆ ಒಂದೆರಡು ವಾರಗಳಲ್ಲಿ, ಭಾಗಶಃ ಹರಿದಿದ್ದರೆ ಮೂರರಿಂದ ಆರು ವಾರಗಳಲ್ಲಿ ಗುಣವಾಗುತ್ತದೆ. ಪೂರ್ಣ ಹರಿದಿದ್ದರೆ ಮೂರು ತಿಂಗಳವರೆಗೂ ಬೇಕಾಗಬಹುದು. ಕಬಡ್ಡಿಯಲ್ಲಿ ಪಾದ ನೆಲದಲ್ಲಿ ಊರಿರುವಾಗ ದೇಹ ತಿರುಚಿಕೊಂಡರೆ ಮೇಲ್ಭಾಗದ ಕಟ್ಟು ಹರಿಯಬಹುದು. ಆಗ ನೋವು ಗಂಟಿಗಿಂತ ಮೇಲೆ ಇರುತ್ತದೆ ಮತ್ತು ಊತ ಕಡಿಮೆ ಇದ್ದರೂ ಚೇತರಿಕೆ ದೀರ್ಘವಾಗುತ್ತದೆ. ಇಂತಹ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು.

ಕಂಬಳದ ಓಟಗಾರರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮೂಡುಬಿದಿರೆ, ಬಂಟ್ವಾಳ ತಾಲೂಕಿನ ಕಕ್ಯಪದವು ಮತ್ತು ಬೆಳ್ತಂಗಡಿ ತಾಲೂಕಿನ ವೇಣೂರಿನ ಕರೆಗಳಲ್ಲಿ ಓಟಗಾರರು ಕೋಣಗಳ ವೇಗಕ್ಕೆ ಸಮನಾಗಿ ಕೆಸರಿನಲ್ಲಿ ಬರಿಗಾಲಿನಲ್ಲಿ ಓಡುತ್ತಾರೆ. ಆ ವೇಗ ಎಷ್ಟೆಂಬುದಕ್ಕೆ 2020ರ ಫೆಬ್ರವರಿಯ ಐಕಳ ಕಂಬಳವನ್ನು ನೆನೆಯಬಹುದು: ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಅಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರೆಂದು ದಾಖಲಾಯಿತು. ಕೆಸರಿನೊಳಗೆ ಪಾದ ಎಲ್ಲಿ ಊರುತ್ತದೆ ಎಂಬುದು ಕಣ್ಣಿಗೆ ಕಾಣದು. ಅಲ್ಲಿ ಗಂಟನ್ನು ಕಾಯುವುದು ಸ್ನಾಯುಗಳ ಶೀಘ್ರ ಪ್ರತಿಕ್ರಿಯೆ ಮಾತ್ರ. ಓಟದ ಕೊನೆಯಲ್ಲಿ ಮೆದುವಾದ ಕೆಸರಿನಿಂದ ಮಂಜೊಟ್ಟಿಯ ಗಟ್ಟಿ ನೆಲಕ್ಕೆ ಕಾಲಿಡುವ ಕ್ಷಣದಲ್ಲಿಯೂ ಎಚ್ಚರಿಕೆ ಬೇಕು. ಒಮ್ಮೆ ಉಳುಕಿದ ಗಂಟು ಈ ಪ್ರತಿಕ್ರಿಯೆಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ನೋವು ನಿಂತ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಅಭ್ಯಾಸದಿಂದ ಮಾತ್ರ ಬರುತ್ತದೆ. ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು, ನಂತರ ಕಣ್ಣು ಮುಚ್ಚಿ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಇವನ್ನು ಕೆಲವು ವಾರ ಪ್ರತಿದಿನ ಮಾಡದೆ ಮುಂದಿನ ಕಂಬಳಕ್ಕೆ ಇಳಿದವರ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಕೆಸರಿನಲ್ಲಿ ಚರ್ಮ ಹರಿದಿದ್ದರೆ ಗಾಯವನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಧನುರ್ವಾಯು ಲಸಿಕೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಮೂಳೆ ಮುರಿತ ಮತ್ತು ಇತರ ಗಾಯಗಳು

ಬಲವಾಗಿ ತಿರುಚಿದಾಗ ಗಂಟಿನ ಉಬ್ಬುಗಳಲ್ಲಿ ಒಂದು ಅಥವಾ ಎರಡೂ ಮುರಿಯಬಹುದು. ದ್ವಿಚಕ್ರ ವಾಹನದ ಅಪಘಾತಗಳಲ್ಲಿ ಇದು ಸಾಮಾನ್ಯ. ಮುರಿದ ತುಂಡು ಸ್ಥಾನ ತಪ್ಪಿರದಿದ್ದರೆ ಸುಮಾರು ಆರು ವಾರ ಪ್ಲಾಸ್ಟರ್ ಹಾಕುವುದರಿಂದ ಕೂಡುತ್ತದೆ; ತಪ್ಪಿದ್ದರೆ ತಗಡು ಮತ್ತು ತಿರುಪುಗಳನ್ನು ಅಳವಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಅಡಕೆ ಮರದಿಂದ ಬಿದ್ದವರ ಗಾಯ ಬೇರೆ ಬಗೆಯದು. ನೇರವಾಗಿ ಕಾಲೂರಿ ಬಿದ್ದಾಗ ದೇಹದ ಭಾರವೆಲ್ಲ ಹಿಮ್ಮಡಿಯ ಮೇಲೆ ಎರಗಿ, ಟೇಲಸ್ ಮೂಳೆಯು ಬೆಣೆಯಂತೆ ಇಳಿದು ಹಿಮ್ಮಡಿ ಮೂಳೆಯನ್ನು ಜಜ್ಜುತ್ತದೆ. ಹೀಗೆ ಹಿಮ್ಮಡಿ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೊಂಟದ ಭಾಗದ ಬೆನ್ನುಮೂಳೆಗೂ ಪೆಟ್ಟಾಗಿರುತ್ತದೆ. ಕಾಲಿನ ನೋವಿನ ಮುಂದೆ ಬೆನ್ನಿನ ನೋವು ಗಮನಕ್ಕೆ ಬಾರದೆ ಹೋಗಬಹುದು. ಆದುದರಿಂದ ಮರದಿಂದ ಅಥವಾ ಮಾಡಿನಿಂದ ಬಿದ್ದವರನ್ನು ಎಬ್ಬಿಸಿ ನಿಲ್ಲಿಸಬಾರದು, ಕೈಕಾಲು ಹಿಡಿದು ಎತ್ತಿಕೊಂಡು ಹೋಗಬಾರದು. ಅಲುಗಾಡಿಸದೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆಯೇ ನಿಂತು ಕೊಯ್ಲು ಹಾಗೂ ಔಷಧ ಸಿಂಪಡಣೆ ಮಾಡುವ ಕ್ರಮ ಹರಡುತ್ತಿದೆ. ಮಳೆಗಾಲದ ಒದ್ದೆ ಮರಕ್ಕೆ ಹತ್ತುವುದನ್ನು ತಪ್ಪಿಸುವ ಯಾವ ಉಪಕರಣವಾದರೂ ಸ್ವಾಗತಾರ್ಹವೇ.

ಅಕಿಲಿಸ್ ರಜ್ಜು ಹರಿದಾಗ ಹಿಂದಿನಿಂದ ಯಾರೋ ಒದ್ದಂತೆ ಅನಿಸುತ್ತದೆ. ಕೆಲವರಿಗೆ ‘ಟಪ್’ ಎಂಬ ಸದ್ದೂ ಕೇಳಿಸುತ್ತದೆ. ವಾರಪೂರ್ತಿ ಕುಳಿತು ಕೆಲಸ ಮಾಡಿ ರವಿವಾರ ಮಾತ್ರ ಮೈದಾನಕ್ಕೆ ಇಳಿಯುವ ನಡುವಯಸ್ಸಿನ ಪುರುಷರಲ್ಲಿ ಇದು ಹೆಚ್ಚು. ಇತರ ಸ್ನಾಯುಗಳ ನೆರವಿನಿಂದ ರೋಗಿಯು ನಡೆಯಬಲ್ಲನಾದುದರಿಂದ ಗಾಯ ಗಮನಕ್ಕೆ ಬಾರದೆ ಉಳಿಯುವುದುಂಟು. ಬೋರಲಾಗಿ ಮಲಗಿಸಿ ಮೀನಖಂಡವನ್ನು ಹಿಸುಕಿದಾಗ ಪಾದ ಅಲುಗದಿದ್ದರೆ ರಜ್ಜು ಹರಿದಿದೆಯೆಂದು ಶಂಕಿಸಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು.

ಎಕ್ಸ್‌ರೇ ಯಾವಾಗ ಅಗತ್ಯ?

ಕೆನಡಾ ದೇಶದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದನ್ನು ಈಗ ಪ್ರಪಂಚದಾದ್ಯಂತ ಅನುಸರಿಸಲಾಗುತ್ತಿದೆ. ಗಂಟಿನ ಭಾಗದಲ್ಲಿ ನೋವಿದ್ದು, ಹೊರಗಿನ ಅಥವಾ ಒಳಗಿನ ಉಬ್ಬಿನ ತುದಿಯನ್ನಾಗಲಿ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗಿನ ಮೂಳೆಯ ಹಿಂಬದಿಯ ಅಂಚನ್ನಾಗಲಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಗೆ ಬಂದಾಗ, ಎರಡೂ ಸಂದರ್ಭಗಳಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಕುಂಟುತ್ತಾ ಇಟ್ಟ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನ ಮೂಳೆಯ ಬುಡದಲ್ಲಿ ಒತ್ತಿದಾಗ ನೋವಾಗುವುದೂ ಮುರಿತದ ಸೂಚನೆಯೇ. ಈ ಲಕ್ಷಣಗಳಾವುವೂ ಇಲ್ಲದ ವಯಸ್ಕರಲ್ಲಿ ಮುರಿತವಿರುವ ಸಂಭವ ತೀರ ವಿರಳ. ಊತದ ಗಾತ್ರವು ಈ ನಿಯಮದಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು.

ಮಕ್ಕಳು, ಮದ್ಯ ಸೇವಿಸಿದವರು ಹಾಗೂ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಈ ನಿಯಮವನ್ನು ಮನೆಯಲ್ಲಿ ಅನ್ವಯಿಸಬಾರದು. ಮಕ್ಕಳಲ್ಲಿ ಮೂಳೆ ಬೆಳೆಯುವ ಪದರವು ಕಟ್ಟುನಾರಿಗಿಂತ ದುರ್ಬಲ. ಉಳುಕಿನಂತೆ ಕಂಡದ್ದು ಆ ಪದರದ ಗಾಯವಾಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಗಂಟು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ನೋವಿಲ್ಲದಿದ್ದರೂ ಅದು ತುರ್ತು ವಿಷಯ.

ಪ್ರಥಮ ಚಿಕಿತ್ಸೆ

ಕೆಲಸ ನಿಲ್ಲಿಸಿ ಕಾಲನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಪ್ರತಿ ಬಾರಿ 15ರಿಂದ 20 ನಿಮಿಷಗಳಂತೆ ಮೊದಲ ಎರಡು ದಿನ ಇಡಬಹುದು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಬೇಕು; ಬೆರಳುಗಳು ನೀಲಿಗಟ್ಟಿದರೆ ಅಥವಾ ಮರಗಟ್ಟಿದರೆ ಸಡಿಲಿಸಬೇಕು. ಮುರಿತದ ಶಂಕೆಯಿದ್ದಲ್ಲಿ ಕಾಲನ್ನು ಇದ್ದ ಸ್ಥಿತಿಯಲ್ಲಿಯೇ ಅಲುಗದಂತೆ ಆಧಾರಕೊಟ್ಟು ಕಟ್ಟಬೇಕು. ಬೇರೇನೂ ದೊರೆಯದಿದ್ದಾಗ ಬಟ್ಟೆ ಸುತ್ತಿದ ಅಡಕೆ ಹಾಳೆಯೂ ಈ ಕೆಲಸಕ್ಕೆ ಆದೀತು. ಮೊದಲ ದಿನಗಳಲ್ಲಿ ಬಿಸಿ ಶಾಖ, ಎಣ್ಣೆ ತಿಕ್ಕುವುದು ಮತ್ತು ‘ಉಳುಕು ತೆಗೆಯಲು’ ಪಾದವನ್ನು ಎಳೆಯುವುದು ಸಲ್ಲದು. ಹರಿದ ನಾರು ಇನ್ನಷ್ಟು ಹರಿಯುವುದೂ, ಬಿರಿದ ಮೂಳೆ ಸ್ಥಾನ ತಪ್ಪುವುದೂ ಇದರಿಂದಲೇ. ನಾಟಿ ಪದ್ಧತಿಯಲ್ಲಿ ನಂಬಿಕೆಯುಳ್ಳವರು ಸಹ ಮೊದಲು ಎಕ್ಸ್‌ರೇ ಮಾಡಿಸಿಕೊಳ್ಳುವುದು ಸೂಕ್ತ.

ಚಿಕಿತ್ಸೆ ಮತ್ತು ದಾಖಲೆಗಳು

ಸಣ್ಣ ಗಾಯಗಳಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ, ಎಕ್ಸ್‌ರೇ ಅಗತ್ಯವಿದ್ದಲ್ಲಿ ಬಂಟ್ವಾಳ ಹಾಗೂ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳನ್ನೂ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರವನ್ನೂ ಸಂಪರ್ಕಿಸಬಹುದಾಗಿದೆ. ಹೆಚ್ಚಿನ ಚಿಕಿತ್ಸೆಗಾಗಿ ಮಂಗಳೂರಿನ ಜಿಲ್ಲಾ ವೆನ್‌ಲಾಕ್ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗಿನ ಚಿಕಿತ್ಸೆಯನ್ನೂ, ಇತರರಿಗೆ ನಿಗದಿತ ದರದ ಶೇ. 30ರಷ್ಟು ನೆರವನ್ನು ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿಯೂ ನಿಗದಿಪಡಿಸಲಾಗಿದೆ. ತುರ್ತು ಅಲ್ಲದ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕು. ಪತ್ರವಿಲ್ಲದೆ ಮೊದಲೇ ದಾಖಲಾದವರಿಗೆ ನಂತರ ತೊಂದರೆಯಾಗುತ್ತದೆ.

ಕೆಲಸದ ಸ್ಥಳದಲ್ಲಿ ಅಥವಾ ರಸ್ತೆಯಲ್ಲಿ ಗಾಯಗೊಂಡವರು ಘಟನೆ ಹೇಗೆ, ಎಲ್ಲಿ, ಯಾವಾಗ ನಡೆಯಿತೆಂಬುದನ್ನು ಮೊದಲ ದಿನವೇ ವೈದ್ಯರಿಗೆ ತಿಳಿಸಿ ಹೊರರೋಗಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಒಮ್ಮೆ ದಾಖಲಾದ ಗಾಯವನ್ನು ಕೋರೆಯಲ್ಲಿ ಆದದ್ದೆಂದು ನಂತರ ಸಾಬೀತುಪಡಿಸುವುದು ಕಷ್ಟ. ಹೊರರೋಗಿ ಚೀಟಿ, ಎಕ್ಸ್‌ರೇ, ಬಿಡುಗಡೆ ಸಾರಾಂಶ ಹಾಗೂ ಅಪಘಾತದ ಪ್ರಕರಣಗಳಲ್ಲಿ ಗಾಯದ ಪ್ರಮಾಣಪತ್ರ, ಇವುಗಳ ಮೂಲಪ್ರತಿಗಳನ್ನು ಅರ್ಜಿದಾರರು ತಮ್ಮಲ್ಲಿಯೇ ಇಟ್ಟುಕೊಂಡು ನಕಲುಗಳನ್ನು ಮಾತ್ರ ಸಲ್ಲಿಸಬೇಕು. ಮೂಡುಬಿದಿರೆಯು ಹಿಂದೆ ಮಂಗಳೂರು ತಾಲೂಕಿಗೆ ಸೇರಿದ್ದುದರಿಂದ, ಹಳೆಯ ದಾಖಲೆಗಳಲ್ಲಿರುವ ತಾಲೂಕಿನ ಹೆಸರು ಈಗಿನ ವಿಳಾಸಕ್ಕೆ ಹೊಂದುತ್ತದೆಯೇ ಎಂಬುದನ್ನು ಅಲ್ಲಿನ ಅರ್ಜಿದಾರರು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಚಿಕಿತ್ಸೆಯ ನಂತರವೂ ಗಂಟು ಪೆಡಸಾಗಿ ಉಳಿದು ಶಾಶ್ವತ ನ್ಯೂನತೆ ಉಂಟಾದಲ್ಲಿ, ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಂತೆ ಪ್ರಮಾಣಪತ್ರಕ್ಕೆ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಬೇಕಾಗಿದ್ದು, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರಬೇಕು. ಒಂದೇ ಗಂಟಿನ ಪೆಡಸುತನ ಈ ಮಿತಿಯನ್ನು ಮುಟ್ಟದಿರುವುದೇ ಹೆಚ್ಚು. ಎಷ್ಟೆಂಬುದನ್ನು ನಿರ್ಧರಿಸುವವರು ತಪಾಸಣೆ ನಡೆಸುವ ವೈದ್ಯರು. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗ, ಪ್ಲಾಸ್ಟರ್ ಇರುವ ಕಾಲಿನೊಂದಿಗೆ ತಪಾಸಣೆಗೆ ಹಾಜರಾಗುವುದರಿಂದ ಪ್ರಯೋಜನವಿಲ್ಲ. ಮೂಳೆ ಕೂಡಿ, ವ್ಯಾಯಾಮ ಚಿಕಿತ್ಸೆ ಮುಗಿದ ನಂತರ ಎಲ್ಲ ಎಕ್ಸ್‌ರೇಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಬರುವಂತೆ ಕೋರಲಾಗಿದೆ.