ದಾಸ ಎಂಬ ಮಾತು: ಬಾಡದಿಂದ ಆನಂದಪುರದವರೆಗೆ



ಕ್ರೈಸ್ತ ಜೀವನದಲ್ಲಿ ವಿನಯ ಮತ್ತು ದೈವಾವಲಂಬನೆಯ ಸ್ಥಾನವೇನು ಎಂಬುದು ಈ ಬರಹದ ವಿಷಯ. ಆದರೆ ನಾನು ಅದನ್ನು ಜೆರುಸಲೇಮಿನಿಂದಲ್ಲ, ಶಿಗ್ಗಾಂವಿ ತಾಲ್ಲೂಕಿನ ಬಾಡದಿಂದ ಆರಂಭಿಸುತ್ತೇನೆ. ಇದು ಊರಿನ ಅಭಿಮಾನ ಮಾತ್ರವಲ್ಲ, ಕಾರಣವಿದೆ.

ಪೌಲನು ತನ್ನ ಪತ್ರಗಳಲ್ಲಿ ತನ್ನನ್ನು ಕ್ರಿಸ್ತನ 'ದೂಲೋಸ್' ಎಂದು ಕರೆದುಕೊಳ್ಳುತ್ತಾನೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಕ್ರಯಕ್ಕೆ ಕೊಂಡ ಆಳು, ಗುಲಾಮ. ಪೇಟೆಯಲ್ಲಿ ಮನುಷ್ಯರನ್ನು ಮಾರುತ್ತಿದ್ದ ರೋಮ್ ಸಾಮ್ರಾಜ್ಯದಲ್ಲಿ ಅದು ಕೇಳುವವನ ಕಿವಿಗೆ ಒರಟಾದ ಮಾತು. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ನಿಂತ ಪದ 'ದಾಸ'. ಕನ್ನಡಿಗನ ಕಿವಿಗೆ ಅದು ಒರಟಲ್ಲ. ಏಕೆಂದರೆ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣ ಬೈಬಲ್ಲು ಕನ್ನಡದಲ್ಲಿ ಅಚ್ಚಾಗುವ ವೇಳೆಗೆ, ಆ ಪದವನ್ನು ಮುನ್ನೂರು ವರ್ಷಗಳಿಂದ ತಂಬೂರಿಯ ಮೇಲೆ ಹಾಡಿ ಹಾಡಿ ಹದಗೊಳಿಸಿದ್ದವರು ಹರಿದಾಸರು. ಅವರಲ್ಲಿ ಒಬ್ಬರು ನಮ್ಮ ಬಾಡದವರು.

ಕನಕದಾಸರ ಪೂರ್ವಾಶ್ರಮದ ಹೆಸರು ತಿಮ್ಮಪ್ಪನಾಯಕ, ಬಂಕಾಪುರ ಸೀಮೆಯ ದಂಡನಾಯಕ ಎಂದು ಸಂಪ್ರದಾಯ ಹೇಳುತ್ತದೆ. ಆಳುವ ಕೈಯಲ್ಲಿದ್ದವನು ತಾನಾಗಿ ದಾಸನಾದದ್ದು ಇಲ್ಲಿಯ ವಿಶೇಷ. ಅವರ 'ರಾಮಧಾನ್ಯಚರಿತೆ'ಯನ್ನು ಬಲ್ಲವರಿಗೆ ವಿನಯದ ಬಗ್ಗೆ ಬೇರೆ ಪಾಠ ಬೇಕಿಲ್ಲ. ತಾನೇ ಶ್ರೇಷ್ಠವೆಂದು ಬೀಗಿದ ಅಕ್ಕಿಯನ್ನೂ ಬಡವರ ರಾಗಿಯನ್ನೂ ಶ್ರೀರಾಮನು ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕೆಟ್ಟಿದೆ, ರಾಗಿ ಗಟ್ಟಿಯಾಗಿದೆ. (ನಮ್ಮದು ಜೋಳದ ಸೀಮೆ. ಜೋಳವನ್ನೂ ಸೆರೆಗೆ ಹಾಕಿದ್ದರೆ ಏನಾಗುತ್ತಿತ್ತೆಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದುಂಟು.) ಇನ್ನು ದೈವಾವಲಂಬನೆಗೆ ಅವರ ಒಂದು ಪ್ರಸಿದ್ಧ ಪದವೇ ಸಾಕ್ಷಿ. ಬೆಟ್ಟದ ತುದಿಯ ಮರಕ್ಕೆ ನೀರೆರೆಯುವವನು, ಕಲ್ಲಿನೊಳಗಣ ಕಪ್ಪೆಗೆ ಆಹಾರ ಕೊಡುವವನು ನಮ್ಮನ್ನು ಬಿಟ್ಟಾನೆಯೇ ಎಂಬುದು ಅದರ ಭಾವ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಕ್ರಿಸ್ತನು ಆಕಾಶದ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿ ಹೇಳುವುದು ಇದನ್ನೇ. ಒಬ್ಬರನ್ನೊಬ್ಬರು ಓದಿ ಬರೆದದ್ದಲ್ಲ.

ಈ ಎರಡು ಧಾರೆಗಳು ಒಂದೆಡೆ ಕೂಡಿದ್ದು ಮಂಗಳೂರಿನ ಕಲ್ಲಚ್ಚಿನ ಮೇಲೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಊರಿದರು. ಹಾನಗಲ್ಲು, ಸವಣೂರು, ಶಿಗ್ಗಾಂವಿ, ಹಿರೇಕೆರೂರುಗಳೆಲ್ಲ ಆಗ ಧಾರವಾಡದ ಕಡೆಗೇ ಮುಖಮಾಡಿದ ಊರುಗಳು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಮಿಷನ್ನಿನವರಲ್ಲಿ ಹರ್ಮನ್ ಮೋಗ್ಲಿಂಗ್ ಎಂಬವನನ್ನು 'ಮಂಗಳೂರ ಸಮಾಚಾರ'ದ ಸಂಪಾದಕನೆಂದು ನಾವು ಪ್ರಶ್ನೋತ್ತರಕ್ಕೆ ಸಿದ್ಧಪಡಿಸಿ ಬಿಟ್ಟುಬಿಡುತ್ತೇವೆ. 1843, ಜುಲೈ 1, ಎರಡು ಅಂಕ. ಆತನ ಬಾಳು ಅಷ್ಟಕ್ಕೆ ಮುಗಿಯುವಂಥದಲ್ಲ.

1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದ ಆತ 1836ರಲ್ಲಿ ಇಲ್ಲಿಗೆ ಬಂದ. ಬೋಧಿಸಲು ಬಂದವನು ಕೇಳಲು ಕುಳಿತದ್ದು ಆತನ ದೊಡ್ಡತನ. 1848ರಿಂದ ಕೆಲವು ವರ್ಷ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮುಂತಾದವನ್ನು ಕಲ್ಲಚ್ಚಿನಲ್ಲಿ ತಂದ. ಅವುಗಳ ನಡುವೆ 'ದಾಸರ ಪದಗಳು'. ಪುರಂದರ, ಕನಕ ಮೊದಲಾದವರ ಪದಗಳು ಪುಸ್ತಕರೂಪ ಕಂಡದ್ದು ಹೀಗೆ. ಇದರಲ್ಲಿ ಶುದ್ಧ ವಿದ್ಯಾಪ್ರೇಮವೇ ಇತ್ತೆಂದು ಹೇಳಲಾರೆ. ಮತಾಂತರಿಸಬೇಕಾದ ಜನರ ಮನಸ್ಸನ್ನು ಅರಿಯುವ ಉದ್ದೇಶವೂ ಇತ್ತು. ಆದರೂ ಪ್ರತಿಸ್ಪರ್ಧಿಯ ಭಕ್ತಿಗೀತೆಯನ್ನು ಸ್ವಂತ ಮುದ್ರಣಾಲಯದಲ್ಲಿ ಅಚ್ಚುಮಾಡುವುದಕ್ಕೆ ಒಂದು ಬಗೆಯ ತಗ್ಗುವಿಕೆ ಬೇಕು.

ತಗ್ಗುವುದನ್ನು ಕಲಿಸಿದ್ದು ಸೋಲೂ ಹೌದು. ಗದಗ-ಬೆಟಗೇರಿಯ ಸುತ್ತಿನ ಕಾಲಜ್ಞಾನ ಪಂಥದ ಜನರು, ತಮ್ಮ ಗುರುಗಳು ನುಡಿದ ಭವಿಷ್ಯ ಈ ಪಾದ್ರಿಗಳಿಂದ ನೆರವೇರುತ್ತಿದೆಯೆಂಬ ಭಾವದಿಂದ ಅವರ ಬಳಿ ಬಂದರು. ಸಾವಿರಾರು ಜನ ಬಂದಾರೆಂಬ ಭರವಸೆಯಲ್ಲಿ 1841ರಲ್ಲಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನೇ ಸ್ಥಾಪಿಸಿದರು. ಜನ ಬರಲಿಲ್ಲ, ಆ ನೆಲೆ ಬಹುಕಾಲ ಬಾಳಲಿಲ್ಲ. ಸಂಖ್ಯೆಯನ್ನು ನಂಬಿದವರಿಗೆ ನಮ್ಮ ಕರಿನೆಲ ಕೊಟ್ಟ ಉತ್ತರವದು.

1850ರ ದಶಕದ ಆರಂಭದಲ್ಲಿ ಕೊಡಗಿನ ಆಲಮಂಡ ಮನೆತನದ ಸೋಮಯ್ಯನೆಂಬವನು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಪಡೆದ. ಮೋಗ್ಲಿಂಗನು ಆತನ ಬೆನ್ನಿಗೆ ನಿಂತು 1853ರಲ್ಲಿ ಕೊಡಗಿಗೆ ಹೋದ. ಬಾಸೆಲ್ ಸಂಸ್ಥೆಯ ಆಶ್ರಯವನ್ನು ಬಿಟ್ಟು, ಮಿತ್ರರ ನೆರವನ್ನೂ ದೇವರನ್ನೂ ನಂಬಿ. ಹದಿನೇಳು ವರ್ಷ ದುಡಿದು ಬಳಲಿದ ದೇಹ. ವಯಸ್ಸು ನಲವತ್ತು ದಾಟಿತ್ತು. ನಿವೃತ್ತಿವೇತನ ಪ್ರತಿ ತಿಂಗಳು ತಪ್ಪದೆ ಬರುವ ನನ್ನಂಥವನು ದೈವಾವಲಂಬನೆಯ ಬಗ್ಗೆ ಬರೆಯುವುದು ಸುಲಭ. ಆತನಿಗೆ ಅದು ಮುಂದಿನ ತಿಂಗಳ ಅಕ್ಕಿಯ ಪ್ರಶ್ನೆ. ಕೆಲವು ವರ್ಷಗಳ ಮೇಲೆ ಬಾಸೆಲಿನವರು ಆ ಕಾರ್ಯವನ್ನು ತಮ್ಮದಾಗಿಸಿಕೊಂಡರು.

ಆತ ನಿರೀಕ್ಷಿಸಿದ್ದು ಕೊಡವ ಮನೆತನಗಳನ್ನು. ಬಂದವರು ಹೊಲೆಯರು. ಅವರು ಕೊಡಗಿನಲ್ಲಿ ಜಮ್ಮದಾಳುಗಳು. ಕೆಲವರು ಭೂಮಿಗೆ ಅಂಟಿದವರು, ಕೆಲವರು ಒಡೆಯನ ಮನೆಗೆ ಸೇರಿದವರು. ಗುಲಾಮಗಿರಿಯ ಕಾನೂನುಬದ್ಧತೆಯನ್ನು ತೆಗೆದ ಶಾಸನ 1843ರಲ್ಲೇ ಬಂದಿದ್ದರೂ ಕಾಡಿನೊಳಗೆ ಕಾನೂನು ನಡೆದುಹೋಗುವುದು ನಿಧಾನ. ಅವರಿಗಾಗಿ ಎದ್ದದ್ದು ಸಿದ್ದಾಪುರದ ಬಳಿಯ ಆನಂದಪುರ. ಮಂಗಳೂರಿನ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, 1844ರಲ್ಲಿ ಕ್ರೈಸ್ತನಾಗಿ, ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾದ ಹರ್ಮನ್ ಆನಂದರಾವ್ ಕೌಂಡಿನ್ಯರು ಅಲ್ಲಿ ಅವರ ನಡುವೆ ದುಡಿದರು.

ಇಲ್ಲಿ ನಿಂತು ಯೋಚಿಸಬೇಕು. ದಂಡನಾಯಕನಾಗಿದ್ದ ತಿಮ್ಮಪ್ಪನು ದಾಸನೆಂದು ಕರೆದುಕೊಳ್ಳುವುದು ಒಂದು. ಕೌಂಡಿನ್ಯರು ಕುಲವನ್ನು ಬಿಟ್ಟು ತಗ್ಗುವುದು ಅದರ ಸಾಲಿನಲ್ಲಿಯೇ ಬರುತ್ತದೆ. ಆದರೆ ಹುಟ್ಟಿನಿಂದಲೇ ಒಡೆಯನ ಆಳಾದವನ ಎದುರಿಗೆ ನಿಂತು 'ದೇವರ ದಾಸನಾಗು, ವಿನಯದಿಂದಿರು' ಎಂದರೆ ಅವನಿಗೆ ಏನು ಕೇಳಿಸೀತು? ಅವನು ಬದುಕಿನುದ್ದಕ್ಕೂ ಮಾಡಿದ್ದು ಅದನ್ನೇ ಅಲ್ಲವೇ? ವಿನಯದ ಉಪದೇಶ ಎಷ್ಟೋ ಸಲ ಮೇಲಿನವರಿಗೆ ಅನುಕೂಲವಾಗಿ ಕೆಳಗಿನವರಿಗೇ ಸಲ್ಲುತ್ತದೆ. ಎಲ್ಲ ಮತಗಳಲ್ಲಿಯೂ ಇದು ನಡೆದಿದೆ, ಚರ್ಚು ಹೊರತಲ್ಲ. ನನಗೆ ತೋರುವಂತೆ ಆ ಮಾತಿಗೆ ಅಲ್ಲಿ ಬೇರೆಯೇ ಅರ್ಥ ಹುಟ್ಟಿರಬೇಕು. ದೇವರೊಬ್ಬನ ದಾಸನೆಂದರೆ ಇನ್ನಾರ ದಾಸನೂ ಅಲ್ಲ. ಉಡುಪಿಯಲ್ಲಿ ಹೊರಗೆ ನಿಂತ ಕನಕನ ಕಥೆಯಲ್ಲಿಯೂ ಜನ ಇದನ್ನೇ ಕೇಳಿಸಿಕೊಂಡಿದ್ದಾರೆ. ಆ ಕಥೆಯಲ್ಲಿ ತಿರುಗಿದ್ದು ಭಕ್ತನಲ್ಲ, ದೇವರು.

ಅದೇ ಕಾಲಕ್ಕೆ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಶರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ಹಾಡುತ್ತಿದ್ದರು. ಅವರ ಮಾತು ಇನ್ನೊಮ್ಮೆ ಬರೆಯುತ್ತೇನೆ.

ಮೋಗ್ಲಿಂಗ್ 1860ರಲ್ಲಿ ಹೆಂಡತಿಯ ಅನಾರೋಗ್ಯದ ಕಾರಣದಿಂದ ಜರ್ಮನಿಗೆ ಹಿಂದಿರುಗಿದ. ಮತ್ತೆ ಈ ನಾಡನ್ನು ಕಾಣಲಿಲ್ಲ. 1881ರಲ್ಲಿ ಎಸ್ಲಿಂಗನ್ ಎಂಬಲ್ಲಿ ತೀರಿಕೊಂಡ. ಹೊರಟ ವರ್ಷವೇ ಜರ್ಮನಿಯ ಪೌರಸ್ತ್ಯ ವಿದ್ಯಾಸಂಘದ ಪತ್ರಿಕೆಯಲ್ಲಿ ಆತನ ಅನುವಾದಗಳು ಅಚ್ಚಾದವು. ಅವು ಯೂರೋಪಿನ ಭಕ್ತಿಗೀತೆಗಳಲ್ಲ, ಇಪ್ಪತ್ತನಾಲ್ಕು ದಾಸರ ಪದಗಳು.