ಬೊಜ್ಜು, ಖಿನ್ನತೆ ಮತ್ತು ಕಾರ್ಟಿಸಾಲ್

ಮೂತ್ರಪಿಂಡಗಳ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಹಾರ್ಮೋನಿಗೂ ಮೈತೂಕಕ್ಕೂ ಮನಸ್ಸಿನ ಕುಗ್ಗುವಿಕೆಗೂ ಇರುವ ಸಂಬಂಧ ಇಲ್ಲಿನ ವಿಷಯ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಯನ್ನೂ ಪ್ರಚೋದಿಸುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟು ಸೇರಿದಾಗ ಅದೇ ಮೇಲಿನ ಎರಡನ್ನೂ ತಡೆಯುತ್ತದೆ. ಈ ತಡೆ ಸಡಿಲವಾದರೆ ಬೊಜ್ಜೂ ಖಿನ್ನತೆಯೂ ಬರುತ್ತವೆ ಎಂಬ ಊಹೆ ಹಳೆಯದು. ತೂಕ ಇಳಿಸುವ ಪ್ರಯತ್ನವೇ ಈ ತಡೆಯನ್ನು ಕದಲಿಸಬಲ್ಲದು ಎಂಬ ಅರಿವು ಬಂದದ್ದು ತಡವಾಗಿ.

ಇಂಗ್ಲೆಂಡಿನ ಥಾಮಸ್ ಅಡಿಸನ್ 1855ರಲ್ಲಿ ಅಡ್ರಿನಲ್ ಗ್ರಂಥಿ ಹಾಳಾದವರ ಲಕ್ಷಣಗಳನ್ನು ದಾಖಲಿಸಿದ: ಅವರು ನಿಶ್ಶಕ್ತರಾಗುತ್ತಾರೆ, ಸೊರಗುತ್ತಾರೆ. ಇದಕ್ಕೆ ತಿರುಗುಮುರುಗಾದ ಕಾಯಿಲೆಯನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1912ರಲ್ಲಿ ಕಂಡು, 1932ರಲ್ಲಿ ಪಿಟ್ಯುಟರಿಯ ಸಣ್ಣ ಗಡ್ಡೆಗೆ ಗಂಟುಹಾಕಿ ವಿವರಿಸಿದ. ಮುಖ ದುಂಡಗೆ, ಹೊಟ್ಟೆ ದಪ್ಪ, ಕೈಕಾಲು ಸಣಕಲು. ಜೊತೆಗೆ ಮನಸ್ಸಿನ ಏರುಪೇರು. ಬೊಜ್ಜು, ಖಿನ್ನತೆ, ಹಾರ್ಮೋನು ಮೂರೂ ಒಂದೇ ದೇಹದಲ್ಲಿ ಸೇರಿದ್ದು ಇಲ್ಲಿ. ಇದು ಅಪರೂಪದ ಕಾಯಿಲೆ. ಆದರೂ ಮುಂದಿನ ಎರಡು ಮೂರು ತಲೆಮಾರಿನ ಸಂಶೋಧಕರು ಸಾಮಾನ್ಯ ಬೊಜ್ಜನ್ನೂ ಇದರ ನೆರಳಾಗಿಯೇ ನೋಡಿದರು. ಅದರಿಂದ ಲಾಭವಾದಷ್ಟೇ ದಾರಿ ತಪ್ಪಿದ್ದೂ ಉಂಟು.

ಒತ್ತಡ ಎಂಬ ಕಲ್ಪನೆ ವೈದ್ಯಶಾಸ್ತ್ರಕ್ಕೆ ಬಂದದ್ದು ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆಯಿಂದ. ಚಳಿ, ಗಾಯ, ವಿಷ, ಏನೇ ಕೊಟ್ಟರೂ ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ ಎಂದು ಆತ 1936ರಲ್ಲಿ ಪ್ರಕಟಿಸಿದ. ರಸಾಯನವಿಜ್ಞಾನಿಗಳಾದ ಕೆಂಡಲ್ ಮತ್ತು ರೈಕ್‌ಸ್ಟೈನ್ ಅಡ್ರಿನಲ್ ಗ್ರಂಥಿಯ ಸ್ಟೀರಾಯ್ಡುಗಳನ್ನು ಬೇರ್ಪಡಿಸಿದರು. 1948ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ವೈದ್ಯ ಹೆಂಚ್ ಅವುಗಳಲ್ಲೊಂದನ್ನು ಕೀಲುವಾತದ ರೋಗಿಗೆ ಚುಚ್ಚಿದ. ಮೂವರಿಗೂ 1950ರ ನೊಬೆಲ್ ಬಂತು. ಔಷಧ ಹೆಚ್ಚುಕಾಲ ಪಡೆದವರಲ್ಲಿ ಕುಶಿಂಗ್ ಹೇಳಿದ ದುಂಡುಮುಖ, ಹಸಿವು, ಕದಡಿದ ಮನಸ್ಸು ಕಾಣಿಸಿದವು. ಹೊರಗಿನಿಂದ ಕೊಟ್ಟ ಹಾರ್ಮೋನೂ ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ಬದಲಿಸುತ್ತದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಹಸಿವಿನ ಪರಿಣಾಮವನ್ನು ಅಳೆದ ಪ್ರಯೋಗ ಇನ್ನೊಂದು ಕವಲು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟ. ತೂಕದ ಕಾಲುಭಾಗ ಕರಗಿತು. ಅದರ ಜೊತೆ ನಗು, ಗೆಳೆತನ, ಕಾಮ ಎಲ್ಲವೂ ಬತ್ತಿದವು. ಹುಡುಗರು ಅಡುಗೆ ಪುಸ್ತಕ ಓದುತ್ತ ಕೂತರು. ಇವರಾರೂ ದಪ್ಪಗಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1957ರಲ್ಲಿ ದಪ್ಪಗಿದ್ದವರಲ್ಲೂ ಪಥ್ಯದ ನಡುವೆ ಖಿನ್ನತೆ, ಕಳವಳ ತಲೆದೋರುವುದನ್ನು ವರದಿ ಮಾಡಿದ. ಮುಂದೆ ನಡವಳಿಕೆ ತಿದ್ದುವ ಚಿಕಿತ್ಸಾಕ್ರಮ ಬಂದಾಗ ಚಿತ್ರ ತಿರುಗಿತು: ತೂಕ ಇಳಿದಂತೆ ಸರಾಸರಿ ಮನಃಸ್ಥಿತಿಯೂ ಸುಧಾರಿಸಿತು. ಚಿಕಿತ್ಸೆಯ ಆರಂಭ ಮತ್ತು ಕೊನೆಯಲ್ಲಿ ಮಾತ್ರ ಪ್ರಶ್ನಾವಳಿ ಕೊಟ್ಟರೆ ಒಂದು ಉತ್ತರ, ನಡುನಡುವೆ ಕೂರಿಸಿ ಮಾತಾಡಿಸಿದರೆ ಇನ್ನೊಂದು. ಎರಡೂ ನಿಜವಿರಬಹುದು.

ಖಿನ್ನತೆಯಲ್ಲಿ ಕಾರ್ಟಿಸಾಲ್ ಏರಿರುತ್ತದೆಂಬ ವರದಿಗಳು 1950ರ ದಶಕದಿಂದ ಬರತೊಡಗಿದವು. ಆಸ್ಟ್ರೇಲಿಯದ ಬರ್ನಾರ್ಡ್ ಕ್ಯಾರೊಲ್ 1968ರಲ್ಲಿ ಡೆಕ್ಸಾಮೆಥಾಸೋನ್ ಪರೀಕ್ಷೆಯನ್ನು ಖಿನ್ನತೆಗೆ ಬಳಸಿದ. ಈ ಕೃತಕ ಸ್ಟೀರಾಯ್ಡ್ ಕೊಟ್ಟರೆ ದೇಹ ತನ್ನ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಬೇಕು. ತೀವ್ರ ಖಿನ್ನತೆಯ ಹಲವರಲ್ಲಿ ತಗ್ಗುವುದಿಲ್ಲ. 1981ರ ಹೊತ್ತಿಗೆ ಮನೋವೈದ್ಯರಿಗೂ ರಕ್ತಪರೀಕ್ಷೆ ಸಿಕ್ಕಿತೆಂಬ ಸಡಗರ. ಅದು ಕೆಲವೇ ವರ್ಷಗಳಲ್ಲಿ ಇಳಿಯಿತು. ಪರೀಕ್ಷೆ ಇತರ ಕಾಯಿಲೆಗಳಲ್ಲೂ ಹಾಗೆಯೇ ಬರುತ್ತಿತ್ತು. ಅಷ್ಟೇ ಅಲ್ಲ, ಖಿನ್ನತೆಯಿಲ್ಲದೆ ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದವರಲ್ಲೂ ಕಾರ್ಟಿಸಾಲ್ ತಗ್ಗದೆ ಉಳಿಯುತ್ತಿತ್ತು. ಮನೋವೈದ್ಯರಿಗೆ ಇದು ಪರೀಕ್ಷೆಯ ದೋಷವಾಗಿ ಕಂಡಿತು. ಬೊಜ್ಜಿನ ಚಿಕಿತ್ಸಕರಿಗಾದರೋ ಇದೇ ಮುಖ್ಯ ಸುದ್ದಿಯಾಗಬೇಕಿತ್ತು. ದಿನಕ್ಕೆ 1,200 ಕ್ಯಾಲೊರಿಯ ಪಥ್ಯ ಮೂರು ವಾರದಲ್ಲೇ ಕಾರ್ಟಿಸಾಲ್ ಏರಿಸುತ್ತದೆಂದು ಮಹಿಳೆಯರ ಮೇಲಿನ ಒಂದು ಪ್ರಯೋಗ ತೋರಿಸಿದ್ದು 2010ರಲ್ಲಿ.

ಕೊಬ್ಬು ಎಲ್ಲಿ ಕೂರುತ್ತದೆ ಎಂಬುದು ಮುಖ್ಯವೆಂದು ಮಾರ್ಸೇಯ ಜಾನ್ ವಾಗ್ 1947ರಲ್ಲೇ ಬರೆದಿದ್ದ. ಸ್ವೀಡನ್ನಿನ ಪೆರ್ ಬ್ಯೋರ್ನ್‌ಟೋರ್ಪ್ ಅದನ್ನು ಒತ್ತಡಕ್ಕೆ ಜೋಡಿಸಿದ: ಸೋಲು, ಅಸಹಾಯಕತೆ ಮತ್ತೆ ಮತ್ತೆ ಎದುರಾದರೆ ಕಾರ್ಟಿಸಾಲ್ ಏರಿ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ ಎಂಬುದು ಅವನ ವಾದ. ತೊಡಕೆಂದರೆ, ದಪ್ಪಗಿರುವ ಬಹುಪಾಲು ಜನರ ರಕ್ತದಲ್ಲಿ ಕಾರ್ಟಿಸಾಲ್ ಹೆಚ್ಚಿರುವುದಿಲ್ಲ. 1997ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಂಡವೊಂದು ಹೊಟ್ಟೆಯ ಕೊಬ್ಬಿನಲ್ಲಿರುವ ಕಿಣ್ವವೇ ನಿಷ್ಕ್ರಿಯ ಕಾರ್ಟಿಸೋನನ್ನು ಕಾರ್ಟಿಸಾಲ್ ಆಗಿ ಮಾರ್ಪಡಿಸುತ್ತದೆಂದು ತೋರಿಸಿ, ಈ ತೊಡಕಿಗೆ ಪರಿಹಾರವೊಂದನ್ನು ಸೂಚಿಸಿತು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇರಿ ಡಾಲ್‌ಮನ್ ತಂಡ, ಒತ್ತಡದಲ್ಲಿರುವವರು ಸಿಹಿ ಮತ್ತು ಜಿಡ್ಡಿನ ತಿನಿಸಿಗೆ ಕೈಹಾಕುವುದು ಬರೀ ಬಾಯಿಚಪಲವಲ್ಲ, ಮಿದುಳಿನ ಒತ್ತಡ ತಗ್ಗಿಸುವ ಉಪಾಯ ಎಂದಿತು. ಹಾಗಾದರೆ ಪಥ್ಯವೆಂದರೆ ಆ ಉಪಾಯವನ್ನೇ ಕಸಿದುಕೊಳ್ಳುವುದು.

ದಪ್ಪಗಿರುವವರು ಖುಷಿಯಾಗಿರುತ್ತಾರೆಂಬ ಲೋಕರೂಢಿಗೆ 1976ರಲ್ಲಿ ಲಂಡನ್ ಬಳಿಯ ಒಂದು ಸಮೀಕ್ಷೆ ಬೆಂಬಲ ಕೊಟ್ಟಿತ್ತು. 2010ರಲ್ಲಿ ಹಲವು ಅಧ್ಯಯನಗಳನ್ನು ಒಗ್ಗೂಡಿಸಿದ ವಿಶ್ಲೇಷಣೆ ಅದನ್ನು ಅಲ್ಲಗಳೆಯಿತು: ಬೊಜ್ಜಿದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇ. 55, ಖಿನ್ನತೆಯಿದ್ದವರಿಗೆ ಬೊಜ್ಜು ಬರುವ ಸಂಭವ ಶೇ. 58 ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗ ಮಾಡಿದ ಖಿನ್ನತೆಯ ರೋಗಿಗಳಲ್ಲಿ ಕಾರ್ಟಿಸಾಲ್ ಇಳಿದುದನ್ನು 2013ರಲ್ಲಿ ವರದಿ ಮಾಡಲಾಯಿತು. ಅದು ತೂಕದ ಅಧ್ಯಯನವಲ್ಲ. ಯೋಗದಿಂದ ಬೊಜ್ಜು ಕರಗುತ್ತದೆನ್ನಲು ಅದನ್ನು ಪುರಾವೆಯಾಗಿ ಹಿಡಿಯುವಂತಿಲ್ಲ.

ಔಷಧಗಳ ಅನುಭವ ಕಟುವಾದುದು. ಹಸಿವು ತಗ್ಗಿಸುವ ರಿಮೊನಬಾಂಟ್ ಮಾತ್ರೆಗೆ 2006ರಲ್ಲಿ ಯುರೋಪ್ ಅನುಮತಿ ಕೊಟ್ಟಿತು. ತೂಕವೇನೋ ಇಳಿಯಿತು, ಆದರೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳ ಭಯದಿಂದ 2008ರಲ್ಲಿ ಮಾರಾಟ ನಿಂತಿತು. ಭಾರತ 2009ರಲ್ಲಿ ನಿಷೇಧಿಸಿತು. ಇಂಥದೇ ಶಂಕೆಯಿಂದ ಸೆಮಾಗ್ಲುಟೈಡ್‌ನಂಥ ಹೊಸ ಚುಚ್ಚುಮದ್ದುಗಳ ಮೇಲೂ 2023ರಲ್ಲಿ ಯುರೋಪಿನ ಔಷಧ ಸಂಸ್ಥೆ ತನಿಖೆ ಆರಂಭಿಸಿತು. ಅವು ಆತ್ಮಹತ್ಯೆಯ ಯೋಚನೆಗೆ ಕಾರಣವೆನ್ನಲು ಆಧಾರವಿಲ್ಲವೆಂದು 2024ರಲ್ಲಿ ತೀರ್ಮಾನಿಸಿತು.